ಮಗಳ ಕಣ್ಣೀರು, ತಂದೆಯ ಮನಸ್ಸಾಕ್ಷಿ



ನಿಮ್ಮ ಕಛೇರಿಯಲ್ಲಿ ಒಂದು ಕಾಗದ ಮೇಜಿನಿಂದ ಮೇಜಿಗೆ ಸಾಗಿ ನಿಮ್ಮ ಮುಂದೆ ಬಂದಿದೆ ಎಂದು ಭಾವಿಸಿ. ಅದರಲ್ಲಿ ಬರೆದಿರುವುದು ಸತ್ಯವಲ್ಲ ಎಂಬುದು ನಿಮಗೆ ಗೊತ್ತು. ಮೇಲಧಿಕಾರಿಗಳು ಸಹಿ ಹಾಕಿದ್ದಾರೆ, ಜೊತೆಯವರೆಲ್ಲ ಹಾಕಿದ್ದಾರೆ. ನಿಮ್ಮ ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಇದೆ. ಮನೆಗೆ ಬಂದು ಹೇಳಿಕೊಂಡರೆ, ಊರಿಗೆಲ್ಲ ಇಲ್ಲದ ಸಂಕಟ ನಿಮಗೊಬ್ಬರಿಗೇ ಯಾಕೆ ಎಂದು ಮನೆಯವರು ಕೇಳುತ್ತಾರೆ. ಮಕ್ಕಳ ಫೀಸು, ಮನೆ ಸಾಲ ಎಲ್ಲವನ್ನೂ ನೆನಪಿಸುತ್ತಾರೆ. ಆಗ ನೀವು ಏನು ಮಾಡುವಿರಿ?

ಸುಮಾರು ಐನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಗೃಹಸ್ಥರ ಮುಂದೆ ಇಂಥದೇ ಒಂದು ಕಾಗದ ಬಂತು. ಅವರು ಗುರುಗಳಲ್ಲ, ಸನ್ಯಾಸಿಯಲ್ಲ. ವಕೀಲರು, ನ್ಯಾಯಾಧೀಶರು, ನಾಲ್ಕು ಮಕ್ಕಳ ತಂದೆ. ಅವರೇ ಸಂತ ಥಾಮಸ್ ಮೋರ್. ಮನಸ್ಸಾಕ್ಷಿ ಎಂದರೆ ಏನು ಎಂದು ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿತದ್ದು ಮರೆತುಹೋಗಿದ್ದರೆ, ಅವರ ಬಾಳನ್ನು ನೋಡಿ ಮತ್ತೆ ಕಲಿಯಬಹುದು.

ತುಂಬಿದ ಮನೆ

ಥಾಮಸ್ ಮೋರ್‌ರವರು 1478ರಲ್ಲಿ ಲಂಡನ್ ನಗರದಲ್ಲಿ ಹುಟ್ಟಿದರು. ತಂದೆ ಜಾನ್ ಮೋರ್ ವಕೀಲರಾಗಿದ್ದು, ಮುಂದೆ ನ್ಯಾಯಾಧೀಶರಾದರು. ಬಾಲಕ ಥಾಮಸ್ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಜಾನ್ ಮಾರ್ಟನ್‌ರವರ ಲ್ಯಾಂಬೆತ್ ಅರಮನೆಯಲ್ಲಿ ಊಳಿಗದ ಹುಡುಗನಾಗಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ನಂತರ ಲಂಡನ್ನಿನಲ್ಲಿ ಕಾನೂನು ಕಲಿತರು. ಯೌವನದಲ್ಲಿ ಕೆಲವು ವರ್ಷ ಕಾರ್ತೂಸಿಯನ್ ಸನ್ಯಾಸಿಗಳ ಮಠದ ನೆರಳಿನಲ್ಲಿದ್ದು ಅವರ ಪ್ರಾರ್ಥನೆಗಳಲ್ಲಿ ಭಾಗಿಯಾದರು. ಸನ್ಯಾಸಿಯಾಗಲೋ ಸಂಸಾರಿಯಾಗಲೋ ಎಂದು ತಮ್ಮನ್ನೇ ಪರೀಕ್ಷಿಸಿಕೊಂಡು, ಕೊನೆಗೆ ವಿವಾಹವೇ ತಮ್ಮ ಕರೆಯೆಂದು ನಿರ್ಧರಿಸಿದರು. ಆದರೂ ಮಠದಲ್ಲಿ ಕಲಿತ ತಪಸ್ಸನ್ನು ಬಿಡಲಿಲ್ಲ. ನ್ಯಾಯಾಧೀಶರ ಬೆಲೆಬಾಳುವ ಉಡುಪಿನ ಒಳಗೆ ಚುಚ್ಚುವ ಕೂದಲಿನ ಒರಟು ಅಂಗಿಯನ್ನು ಧರಿಸುತ್ತಿದ್ದರು.

ಜೇನ್ ಎಂಬಾಕೆಯನ್ನು ವಿವಾಹವಾಗಿ ಮಾರ್ಗರೆಟ್, ಎಲಿಜಬೆತ್, ಸೆಸಿಲಿ, ಜಾನ್ ಎಂಬ ನಾಲ್ಕು ಮಕ್ಕಳನ್ನು ಪಡೆದರು. 1511ರಲ್ಲಿ ಜೇನ್ ತೀರಿಕೊಂಡಾಗ, ತಾಯಿಯಿಲ್ಲದ ಮಕ್ಕಳಿಗಾಗಿ ಆಲಿಸ್ ಎಂಬ ವಿಧವೆಯನ್ನು ಬಹು ಬೇಗನೆ ಮದುವೆಯಾದರು. ಹೆಣ್ಣುಮಕ್ಕಳಿಗೆ ಓದು ಏಕೆ ಎನ್ನುತ್ತಿದ್ದ ಕಾಲದಲ್ಲಿ ತಮ್ಮ ಹೆಣ್ಣುಮಕ್ಕಳಿಗೂ ಗಂಡುಮಗನಿಗೂ ಸಮನಾಗಿ ಲತೀನ್, ಗ್ರೀಕ್ ಕಲಿಸಿದರು. ಹಿರಿಯ ಮಗಳು ಮಾರ್ಗರೆಟ್ ಕರ್ತರ ಪ್ರಾರ್ಥನೆಯ ಬಗೆಗೆ ಎರಾಸ್ಮಸ್ ಬರೆದಿದ್ದ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸುವಷ್ಟು ವಿದ್ಯಾವಂತಳಾದಳು. ಚೆಲ್ಸಿಯ ಆ ಮನೆಯಲ್ಲಿ ರಾತ್ರಿ ಎಲ್ಲರೂ ಕೂಡಿ ಪ್ರಾರ್ಥಿಸುತ್ತಿದ್ದರು. ನಗುವಿಗೂ ಕೊರತೆಯಿರಲಿಲ್ಲ. ಮೋರ್‌ರವರು ದೊಡ್ಡ ಪದವಿಗೇರಿದ ಮೇಲೂ ನ್ಯಾಯಾಲಯಕ್ಕೆ ಹೋಗುವಾಗ ವೃದ್ಧ ತಂದೆ ಅಲ್ಲಿ ಕುಳಿತಿರುವುದನ್ನು ಕಂಡರೆ ಎಲ್ಲರ ಮುಂದೆ ಮೊಣಕಾಲೂರಿ ಆಶೀರ್ವಾದ ಬೇಡುತ್ತಿದ್ದರು.

ಚಿಕ್ಕ ವಿಷಯಗಳಲ್ಲಿ ನಂಬಿಗಸ್ತ

1529ರಲ್ಲಿ ಎಂಟನೆಯ ಹೆನ್ರಿ ಅರಸನು ಅವರನ್ನು ಲಾರ್ಡ್ ಚಾನ್ಸಲರ್ ಪದವಿಗೆ ಏರಿಸಿದನು. ರಾಜ್ಯದ ಮುಖ್ಯ ನ್ಯಾಯಾಧಿಕಾರಿಯ ಸ್ಥಾನವದು. ಅಂಥ ಸ್ಥಾನದಲ್ಲಿರುವವರ ಮನೆಗೆ ಕಾಣಿಕೆಗಳು ಹರಿದು ಬರುವುದು ಆಗಲೂ ರೂಢಿ. ಹೊಸ ವರ್ಷದ ದಿನ ಒಬ್ಬ ಮಹಿಳೆ ಒಂದು ಜೊತೆ ಕೈಗವಸುಗಳನ್ನು ತಂದುಕೊಟ್ಟಳಂತೆ. ಅವುಗಳೊಳಗೆ ನಲವತ್ತು ಪೌಂಡು ಬೆಲೆಯ ಚಿನ್ನದ ನಾಣ್ಯಗಳಿದ್ದವು. ಆಕೆಯ ಮನಸ್ಸು ನೋಯಬಾರದೆಂದು ಕೈಗವಸುಗಳನ್ನು ಇಟ್ಟುಕೊಂಡು, ನಾಣ್ಯಗಳನ್ನು ಹಿಂದಿರುಗಿಸಿದರು. ಒಬ್ಬ ಅಳಿಯ, ಮಾವ ಇಷ್ಟು ದೊಡ್ಡ ಅಧಿಕಾರದಲ್ಲಿದ್ದರೂ ತನಗೆ ಮೂರು ಕಾಸಿನ ಲಾಭವಿಲ್ಲವೆಂದು ಗೊಣಗಿದನು. ಇನ್ನೊಬ್ಬ ಅಳಿಯ ತನ್ನ ವ್ಯಾಜ್ಯದಲ್ಲಿ ಮಾವನ ದಾಕ್ಷಿಣ್ಯವನ್ನು ನಂಬಿ ರಾಜಿಗೆ ಒಪ್ಪದೆ ಕುಳಿತಾಗ, ಮೋರ್‌ರವರು ಅವನ ವಿರುದ್ಧವೇ ತೀರ್ಪು ಕೊಟ್ಟರು.

ಇದನ್ನು ಗಮನಿಸಿ, ಓದುಗರೇ. ದೊಡ್ಡ ಪರೀಕ್ಷೆಯ ದಿನ ಮನಸ್ಸಾಕ್ಷಿ ಇದ್ದಕ್ಕಿದ್ದಂತೆ ಎಲ್ಲಿಂದಲೋ ಬಂದು ನಿಲ್ಲುವುದಿಲ್ಲ. ಕೈಗವಸಿನೊಳಗಿನ ನಾಣ್ಯವನ್ನು ಹಿಂದಿರುಗಿಸಿದ ಕೈಗೆ ಮಾತ್ರ ಮುಂದೊಂದು ದಿನ ಲೇಖನಿಯನ್ನು ಕೆಳಗಿಡುವ ಬಲ ಬರುತ್ತದೆ.

ಅರಸನ ಆಸೆ

ಹೆನ್ರಿ ಅರಸನು ಕ್ಯಾಥರಿನ್ ರಾಣಿಯನ್ನು 1509ರಲ್ಲಿ ವಿವಾಹವಾಗಿದ್ದನು. ಆಕೆ ಅವನ ತೀರಿಹೋದ ಅಣ್ಣನ ಪತ್ನಿಯಾದ್ದರಿಂದ ಜಗದ್ಗುರುಗಳ ವಿಶೇಷ ಅನುಮತಿ ಪಡೆದೇ ಆ ವಿವಾಹ ನಡೆದಿತ್ತು. ಮಕ್ಕಳಲ್ಲಿ ಮೇರಿ ಎಂಬ ಹೆಣ್ಣುಮಗು ಮಾತ್ರ ಬದುಕುಳಿಯಿತು. ಗಂಡು ಸಂತಾನದ ಚಿಂತೆಯೂ ಆನ್ ಬೊಲಿನ್ ಎಂಬಾಕೆಯ ಮೇಲಿನ ಮೋಹವೂ ಸೇರಿ, ಮೊದಲ ವಿವಾಹ ಸಿಂಧುವೇ ಅಲ್ಲವೆಂದು ಅರಸನು ವಾದಿಸತೊಡಗಿದನು. ಜಗದ್ಗುರು ಏಳನೆಯ ಕ್ಲೆಮೆಂಟರು ಅದನ್ನು ಒಪ್ಪಲಿಲ್ಲ. ಆಗ ಅರಸನು ಇಂಗ್ಲೆಂಡಿನ ಧರ್ಮಸಭೆಗೆ ತಾನೇ ಶಿರಸ್ಸು ಎಂಬ ದಾರಿ ಹಿಡಿದನು. ಅಲ್ಲಿನ ಗುರುವರ್ಗ 1532ರ ಮೇ ತಿಂಗಳಲ್ಲಿ ಅವನಿಗೆ ಮಣಿಯಿತು. ಮರುದಿನವೇ ಮೋರ್‌ರವರು ತಮ್ಮ ಪದವಿಗೆ ರಾಜೀನಾಮೆ ಕೊಟ್ಟರು.

ಬೀದಿಯಲ್ಲಿ ನಿಂತು ಅವರು ಅರಸನನ್ನು ಖಂಡಿಸಲಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು, ಇನ್ನು ಮುಂದೆ ಬಡತನದಲ್ಲಿ ಬಾಳುವುದು ಹೇಗೆಂದು ನಗುನಗುತ್ತಲೇ ತಿಳಿಸಿದರು. ಕೆಲಸದವರಿಗೆ ಬೇರೆ ಕಡೆ ಉದ್ಯೋಗ ಹುಡುಕಿಕೊಟ್ಟರು. 1533ರ ಜೂನ್ 1ರಂದು ಆನ್ ಬೊಲಿನ್‌ಳಿಗೆ ಕಿರೀಟಧಾರಣೆಯಾದಾಗ ಅಲ್ಲಿಗೆ ಹೋಗಲಿಲ್ಲ. ಅಷ್ಟೇ. ಜೀವ ದೇವರ ಕೊಡುಗೆ, ಅದನ್ನು ದುಡುಕಿ ಬಿಸಾಡಬಾರದು ಎಂಬುದೂ ಮನಸ್ಸಾಕ್ಷಿಯ ಮಾತೇ ಅಲ್ಲವೇ? ಕಾನೂನು ಬಲ್ಲ ಅವರು ಮೌನವನ್ನೇ ಗುರಾಣಿಯಾಗಿ ಹಿಡಿದರು.

ಲ್ಯಾಂಬೆತ್ ಅರಮನೆಯಲ್ಲಿ

1534ರ ಏಪ್ರಿಲ್ 13ರಂದು ಕರೆ ಬಂತು. ಬಾಲ್ಯದಲ್ಲಿ ಊಳಿಗ ಮಾಡಿದ ಅದೇ ಲ್ಯಾಂಬೆತ್ ಅರಮನೆಗೆ ಹೋಗಿ ಪ್ರಮಾಣ ಮಾಡಬೇಕಿತ್ತು. ಆನ್ ಬೊಲಿನ್‌ಳ ಮಕ್ಕಳೇ ಸಿಂಹಾಸನಕ್ಕೆ ಉತ್ತರಾಧಿಕಾರಿಗಳು ಎಂಬುದು ಕಾನೂನಿನ ಒಂದು ಭಾಗ. ಕ್ಯಾಥರಿನ್ ರಾಣಿಯ ವಿವಾಹ ಸುಳ್ಳು, ಜಗದ್ಗುರುಗಳಿಗೆ ಅದರಲ್ಲಿ ಅಧಿಕಾರವಿಲ್ಲ ಎಂಬುದು ಇನ್ನೊಂದು ಭಾಗ. ಮೋರ್‌ರವರು ಕಾಗದವನ್ನು ನಿಧಾನವಾಗಿ ಓದಿದರು. ಉತ್ತರಾಧಿಕಾರವನ್ನು ನಿರ್ಧರಿಸುವ ಹಕ್ಕು ಸಂಸತ್ತಿಗಿದೆ, ಅದಕ್ಕೆ ಪ್ರಮಾಣ ಮಾಡಲು ಸಿದ್ಧ ಎಂದರು. ಉಳಿದದ್ದಕ್ಕೆ ಆಗದು ಎಂದರು. ಸರ್ಕಾರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿ, ದೇವರಿಗೆ ಸೇರಿದ್ದನ್ನು ಉಳಿಸಿಕೊಂಡ ವಿವೇಕವನ್ನು ಇಲ್ಲಿ ಕಾಣಿರಿ.

ಆಗ ಪ್ರಮಾಣ ಮಾಡಿದವರ ಹೆಸರಿನ ಉದ್ದನೆಯ ಪಟ್ಟಿಯನ್ನು ಅವರ ಮುಂದೆ ಹಿಡಿದರು. ದೇಶದ ಧರ್ಮಾಧ್ಯಕ್ಷರಲ್ಲಿ ರೋಚೆಸ್ಟರಿನ ಜಾನ್ ಫಿಶರ್ ಒಬ್ಬರ ಹೊರತು ಎಲ್ಲರೂ ಮಣಿದರು. ಮೋರ್‌ರವರು ಪ್ರಮಾಣ ಮಾಡಿದ ಯಾರನ್ನೂ ದೂಷಿಸಲಿಲ್ಲ. ಇದನ್ನೇ ಹಿಡಿದು ಮಹಾಧರ್ಮಾಧ್ಯಕ್ಷ ಕ್ರಾನ್ಮರ್ ಒಂದು ಜಾಣ ವಾದ ಹೂಡಿದರು. ಬೇರೆಯವರದು ತಪ್ಪೆಂದು ಹೇಳದ ಮೇಲೆ ಈ ವಿಷಯ ನಿಮಗೆ ಸಂದೇಹದ್ದೇ ಇರಬೇಕು, ಅರಸನಿಗೆ ವಿಧೇಯರಾಗಬೇಕೆಂಬುದಾದರೋ ನಿಶ್ಚಿತ, ಆದ್ದರಿಂದ ನಿಶ್ಚಿತವಾದುದನ್ನೇ ಅನುಸರಿಸಿ ಎಂಬುದು ಆ ವಾದ. ಮೋರ್‌ರವರ ನಿಲುವು ಬದಲಾಗಲಿಲ್ಲ. ಇತರರ ಅಂತರಂಗವನ್ನು ಬಲ್ಲವನು ದೇವರು. ತಮ್ಮ ಅಂತರಂಗದಲ್ಲಿ ಮಾತ್ರ ಸಂದೇಹವಿರಲಿಲ್ಲ. ಇಡೀ ರಾಜ್ಯದ ಸಭೆ ಒಂದು ಕಡೆ ಇರುವಾಗ ನಿಮ್ಮ ಮನಸ್ಸಾಕ್ಷಿಯೇ ತಪ್ಪಿರಬೇಕು ಎಂದು ಮತ್ತೊಬ್ಬರು ಹೇಳಿದಾಗ, ತಮ್ಮ ಕಡೆ ಇಡೀ ಕ್ರೈಸ್ತ ಜಗತ್ತಿನ ಮಹಾಸಭೆಯೇ ಇದೆ ಎಂಬ ಅರ್ಥದಲ್ಲಿ ಉತ್ತರಿಸಿದರು.

ಆ ನಿಶ್ಚಯ ಒಂದು ದಿನದ ಹಠವಾಗಿರಲಿಲ್ಲ. ಜಗದ್ಗುರುಗಳ ಸ್ಥಾನದ ಬಗೆಗೆ ಮೊದಲು ಅವರಿಗೇ ಅನುಮಾನವಿತ್ತು. ಲೂಥರನ ವಿರುದ್ಧ ಹೆನ್ರಿ ಅರಸನೇ 1521ರಲ್ಲಿ ಬರೆದ ಪುಸ್ತಕವನ್ನು ಓದಿದ ಮೇಲೆ ಅವರ ಮನಸ್ಸು ತಿರುಗಿತು. ಅನಂತರ ಹಲವು ವರ್ಷಗಳ ಕಾಲ ಧರ್ಮಸಭೆಯ ಪಿತೃಗಳನ್ನೂ ಮಹಾಸಭೆಗಳ ನಿರ್ಣಯಗಳನ್ನೂ ಓದಿ, ಪ್ರಾರ್ಥಿಸಿ ಅವರು ಈ ತೀರ್ಮಾನಕ್ಕೆ ಬಂದರು. ಮನಸ್ಸಾಕ್ಷಿ ಎಂದರೆ ನನಗೆ ಹಾಗನ್ನಿಸುತ್ತದೆ ಎಂಬ ಭಾವನೆಯಲ್ಲ. ನಾನು ಮಾಡಲಿರುವ ಕಾರ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ದೇವರ ಮುಂದೆ ನನ್ನ ಬುದ್ಧಿ ಕೊಡುವ ತೀರ್ಪು ಅದು. ಸಾಕ್ಷ್ಯಗಳನ್ನು ಪರಿಶೀಲಿಸದ ನ್ಯಾಯಾಧೀಶನ ತೀರ್ಪನ್ನು ನಾವು ನಂಬುತ್ತೇವೆಯೇ?

ಮಗಳು ಬಂದಳು

ಏಪ್ರಿಲ್ 17ರಂದು ಅವರನ್ನು ಲಂಡನ್ ಟವರ್ ಕೋಟೆಯಲ್ಲಿ ಸೆರೆಯಿಟ್ಟರು. ಅಲ್ಲಿಗೆ ಬಂದ ಅತಿ ಕಠಿಣ ಶೋಧನೆ ಅರಸನ ಮಂತ್ರಿಗಳದ್ದಲ್ಲ, ಪ್ರೀತಿಯ ಮಗಳು ಮಾರ್ಗರೆಟಳದ್ದು. ಅವಳು ಸ್ವತಃ ಪ್ರಮಾಣ ಮಾಡಿದ್ದಳು. ಇಷ್ಟೊಂದು ವಿದ್ವಾಂಸರು, ಪುಣ್ಯವಂತರು ಒಪ್ಪಿರುವಾಗ ತಂದೆಯೂ ಒಪ್ಪಬಾರದೇಕೆ ಎಂದು ಅತ್ತು ಕೇಳಿದಳು. ತಂದೆ ಸಿಟ್ಟಾಗಲಿಲ್ಲ. ಆದಾಮನನ್ನು ಒಲಿಸಲು ಬಂದ ಹವ್ವಳೆಂದು ಅವಳನ್ನು ಹಾಸ್ಯ ಮಾಡಿ ನಗಿಸಿದರು. ಆಮೇಲೆ, ತಮ್ಮ ಆತ್ಮದ ಹೊಣೆಯನ್ನು ಎಷ್ಟೇ ಒಳ್ಳೆಯವನಾದರೂ ಇನ್ನೊಬ್ಬ ಮನುಷ್ಯನ ಬೆನ್ನಿಗೆ ಹೊರಿಸಲಾಗದು ಎಂದು ತಿಳಿಹೇಳಿದರು. ಅವಳೂ ತಮ್ಮಂತೆಯೇ ಮಾಡಲಿ ಎಂದು ಒಮ್ಮೆಯೂ ಒತ್ತಾಯಿಸಲಿಲ್ಲ.

ಪತ್ನಿ ಆಲಿಸ್ ಕೂಡ ಬಂದು, ಚೆಲ್ಸಿಯಲ್ಲಿ ಅಂಥ ಮನೆ, ಗ್ರಂಥಗಳು, ತೋಟ ಎಲ್ಲ ಇರುವಾಗ ಇಲಿಗಳ ಜೊತೆ ಈ ಕೊಳಕು ಸೆರೆಯಲ್ಲಿ ಬಿದ್ದಿರುವುದು ಯಾವ ಬುದ್ಧಿವಂತಿಕೆ ಎಂದು ಗದರಿದಳು. ಆಕೆಯನ್ನು ಕಲ್ಲೆದೆಯವಳೆಂದು ಭಾವಿಸಬೇಡಿ. ಸೆರೆಯಲ್ಲಿದ್ದ ಗಂಡನ ಊಟದ ಖರ್ಚಿಗಾಗಿ ತನ್ನ ಉಡುಪುಗಳನ್ನೇ ಮಾರಿದವಳು ಆಕೆ. ನಿಜಕ್ಕೂ ನಮ್ಮನ್ನು ಪ್ರೀತಿಸುವವರೇ ನಮ್ಮನ್ನು ಸತ್ಯದಿಂದ ಹಿಂದಕ್ಕೆಳೆಯಬಲ್ಲರು. ಅದಕ್ಕಾಗಿ ಅವರನ್ನು ದ್ವೇಷಿಸಬೇಕಿಲ್ಲ, ಅವರ ಮಾತಿಗೆ ಶರಣಾಗಲೂ ಬೇಕಿಲ್ಲ.

ಕೊನೆಯ ದಿನಗಳು

1535ರ ಮೇ 4ರಂದು ಕಾರ್ತೂಸಿಯನ್ ಸನ್ಯಾಸಿಗಳನ್ನು ಮರಣಕ್ಕೆ ಎಳೆದೊಯ್ಯುವುದನ್ನು ತಂದೆ ಮಗಳು ಸೆರೆಯ ಕಿಟಕಿಯಿಂದ ನೋಡಿದರು. ಜೂನ್ 22ರಂದು ಧರ್ಮಾಧ್ಯಕ್ಷ ಫಿಶರ್‌ರವರ ಶಿರಚ್ಛೇದವಾಯಿತು. ಪುಸ್ತಕಗಳನ್ನೂ ಬರೆಯುವ ಸಾಮಗ್ರಿಯನ್ನೂ ಕಿತ್ತುಕೊಂಡಾಗ ಮೋರ್‌ರವರು ಇದ್ದಲಿನ ತುಂಡಿನಿಂದ ಮಗಳಿಗೆ ಬರೆದರು. ಜುಲೈ 1ರಂದು ವಿಚಾರಣೆ ನಡೆಯಿತು. ಅವರ ಮೌನವನ್ನು ಮುರಿಯಲಾಗದೆ, ರಿಚರ್ಡ್ ರಿಚ್ ಎಂಬ ಅಧಿಕಾರಿಯ ಸಾಕ್ಷ್ಯವನ್ನು ತಂದರು. ಅದು ಸುಳ್ಳೆಂದು ಮೋರ್‌ರವರು ಆಣೆಯಿಟ್ಟು ಹೇಳಿದರೂ ಅಪರಾಧಿಯೆಂಬ ತೀರ್ಮಾನ ಬಂತು. ಆಗ ಮಾತ್ರ ಅವರು ಮೌನ ಬಿಟ್ಟು, ಯಾವ ಸಂಸತ್ತಿಗೂ ಧರ್ಮಸಭೆಯ ಶಿರಸ್ಸನ್ನು ಬದಲಿಸುವ ಹಕ್ಕಿಲ್ಲವೆಂದು ಬಹಿರಂಗವಾಗಿ ನುಡಿದರು. ಸಂತ ಸ್ತೇಫನನ ಕೊಲೆಗೆ ಸಮ್ಮತಿಸಿದ ಪೌಲನು ಈಗ ಅವನೊಡನೆ ಸ್ವರ್ಗದಲ್ಲಿರುವಂತೆ, ತಾವೂ ತಮ್ಮ ನ್ಯಾಯಾಧೀಶರೂ ಅಲ್ಲಿ ಸಂತೋಷದಿಂದ ಕೂಡುವಂತಾಗಲಿ ಎಂದು ಹಾರೈಸಿದರು.

ಸೆರೆಗೆ ಮರಳುವ ದಾರಿಯಲ್ಲಿ ಮಾರ್ಗರೆಟ್ ಕಾವಲುಗಾರರ ಆಯುಧಗಳ ನಡುವೆ ನುಗ್ಗಿ ತಂದೆಯ ಕೊರಳನ್ನು ಅಪ್ಪಿದಳು. ಬಿಟ್ಟು ಹೋದವಳು ಮತ್ತೆ ಓಡಿಬಂದು ಅಪ್ಪಿದಳು. ನೋಡುತ್ತಿದ್ದವರು ಕಣ್ಣೀರಿಟ್ಟರು. ಜುಲೈ 6ರಂದು ತಮಗಾಗಿಯೂ ಅರಸನಿಗಾಗಿಯೂ ಪ್ರಾರ್ಥಿಸಲು ಜನರನ್ನು ಬೇಡಿಕೊಂಡು, ರಕ್ತಸಾಕ್ಷಿಯಾಗಿ ಪ್ರಾಣ ಕೊಟ್ಟರು. 1935ರಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು ಅವರನ್ನೂ ಫಿಶರ್‌ರವರನ್ನೂ ಸಂತರೆಂದು ಸಾರಿದರು. ಜೂನ್ 22 ಇಬ್ಬರ ಹಬ್ಬ. 2000ದಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಮೋರ್‌ರವರನ್ನು ರಾಜಕಾರಣಿಗಳ ಪಾಲಕ ಸಂತರನ್ನಾಗಿ ಘೋಷಿಸಿದರು.

ಸಂತರಲ್ಲೂ ಒಂದು ನೆರಳು

ಒಂದು ವಿಷಯವನ್ನು ಮುಚ್ಚಿಡಬಾರದು. ಮೋರ್‌ರವರು ಚಾನ್ಸಲರ್ ಆಗಿದ್ದಾಗ ಪಾಷಂಡಿಗಳೆಂದು ಆರು ಮಂದಿಯನ್ನು ಸುಡಲಾಯಿತು. ಆ ಶಿಕ್ಷೆ ನ್ಯಾಯವೆಂದೇ ಅವರು ನಂಬಿದ್ದರು, ಬರೆದಿದ್ದರು. ಸತ್ತವರಲ್ಲೂ ತಮ್ಮ ಮನಸ್ಸಾಕ್ಷಿಗೆ ಅಂಟಿಕೊಂಡವರು ಇರಲಿಲ್ಲವೇ? 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಸ್ಪಷ್ಟವಾಗಿ ಬೋಧಿಸಿತು. ಜಾನ್ ಪೌಲರೂ ಅವರ ನಡೆಯಲ್ಲಿ ಆ ಕಾಲದ ಮಿತಿಗಳಿದ್ದವೆಂದು ಒಪ್ಪಿಕೊಂಡರು. ಪ್ರಾಮಾಣಿಕ ಮನಸ್ಸಾಕ್ಷಿಯೂ ತಪ್ಪಬಹುದು. ಆದ್ದರಿಂದಲೇ ಅದನ್ನು ದಿನದಿನವೂ ತಿದ್ದಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ನಮ್ಮ ಮನೆಯಲ್ಲಿ

ಹಾಗಾದರೆ ಆ ಖಾಲಿ ಜಾಗದ ಮುಂದೆ ಕುಳಿತ ನಾವು ಏನು ಮಾಡಬೇಕು? ಮೊದಲು ಕಾರ್ಯವನ್ನೇ ನೋಡೋಣ. ಅದು ಸ್ವತಃ ಕೆಟ್ಟದ್ದಾದರೆ ಮಕ್ಕಳ ಫೀಸಿಗಾಗಿ ಎಂಬ ಒಳ್ಳೆಯ ಉದ್ದೇಶವಾಗಲಿ, ಕಷ್ಟದ ಸಂದರ್ಭವಾಗಲಿ ಅದನ್ನು ಒಳ್ಳೆಯದನ್ನಾಗಿ ಮಾಡುವುದಿಲ್ಲ. ಸಂದೇಹವಿದ್ದರೆ ಆತುರಪಡದೆ ಶುಭಸಂದೇಶವನ್ನು ಓದೋಣ, ಧರ್ಮಸಭೆಯ ಬೋಧನೆಯನ್ನು ಕೇಳೋಣ, ಬಲ್ಲ ಗುರುಗಳ ಬಳಿ ಮಾತನಾಡೋಣ. ಮಾಡಬಹುದಾದ ಭಾಗವನ್ನು ಮಾಡಿ, ಮಾಡಬಾರದ ಭಾಗವನ್ನು ಮಾತ್ರ ನಿರಾಕರಿಸೋಣ. ಸಹಿ ಹಾಕಿದ ನೆರೆಯವರನ್ನು ತೀರ್ಪುಮಾಡದಿರೋಣ. ಬಿದ್ದಿದ್ದರೆ ಪಾಪನಿವೇದನೆಗೆ ಹೋಗಿ ಎದ್ದು ಬರೋಣ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷ ಸುಮ್ಮನೆ ಕುಳಿತು, ಆ ದಿನದ ನಡೆನುಡಿಗಳನ್ನು ಒಮ್ಮೆ ನೋಡಿಕೊಳ್ಳಿ. ಮಕ್ಕಳಿಗೂ ಕಲಿಸಿ. ಮೋರ್‌ರವರ ಮನೆಯಲ್ಲಿ ಆದಂತೆ ನಿಮ್ಮ ಮನೆಯಲ್ಲೂ ಪ್ರೀತಿ ಒಂದು ಕಡೆ, ಸತ್ಯ ಒಂದು ಕಡೆ ನಿಂತು ಎಳೆಯುವ ದಿನ ಬರಬಹುದು. ಆ ದಿನ ಎರಡನ್ನೂ ಕಳೆದುಕೊಳ್ಳದ ವರವನ್ನು ಸಂತ ಥಾಮಸ್ ಮೋರ್‌ರವರ ಬಿನ್ನಹದ ಮೂಲಕ ಪ್ರಭು ಯೇಸು ನಿಮಗೂ ನನಗೂ ದಯಪಾಲಿಸಲಿ.