ಕೆಂಡಕ್ಕೆ ಕಡಿವಾಣ ಹಾಕಿದ ಡ್ರೆಬೆಲ್

ಇದ್ದಿಲ ಗ್ರಿಲ್ ಮುಂದೆ ನಾವೆಲ್ಲ ಮಾಡೋ ತಪ್ಪು ಒಂದೇ. ಉರಿ ಜಾಸ್ತಿಯಾಯ್ತು ಅಂತ ಕೆಂಡ ಕೆದಕ್ತೀವಿ. ಕೆದಕಿದಷ್ಟೂ ಗಾಳಿ ಸಿಕ್ಕಿ ಉರಿ ಇನ್ನೂ ಏರುತ್ತೆ. ಹಿಡಿತ ಇರಬೇಕಾದ್ದು ಗಾಳಿಯ ಮೇಲೆ. ನಾನೂರು ವರ್ಷದ ಹಿಂದೆಯೇ ಇದನ್ನ ಯಂತ್ರಕ್ಕೆ ಕಲಿಸಿದವನು ಕಾರ್ನೆಲಿಸ್ ಡ್ರೆಬೆಲ್.

ಹುಟ್ಟಿದ್ದು 1572ರಲ್ಲಿ, ನೆದರ್‌ಲ್ಯಾಂಡ್ಸ್‌ನ ಆಲ್ಕ್‌ಮಾರ್‌ನಲ್ಲಿ. ಮೊದಲು ಕಲಿತದ್ದು ಲೋಹದ ತಗಡಿನ ಮೇಲೆ ಚಿತ್ರ ಕೊರೆಯೋ ಕೆಲಸ. ಆಮೇಲೆ ಇಂಗ್ಲೆಂಡಿಗೆ ಹೋಗಿ ರಾಜ ಒಂದನೇ ಜೇಮ್ಸ್‌ನ ಆಶ್ರಯ ಪಡೆದ. 1620ರ ಸುಮಾರಿಗೆ ಥೇಮ್ಸ್ ನದಿಯಲ್ಲಿ ನೀರೊಳಗೆ ಸಾಗೋ ದೋಣಿ ತೋರಿಸಿ ಹೆಸರಾದ.

ನಮ್ಮನ್ನ ಸೆಳೆದದ್ದು ಅವನ ಒಲೆ. ಅದರೊಳಗೆ ಮದ್ಯಸಾರ ತುಂಬಿದ ಗಾಜಿನ ಪಾತ್ರೆ, ಅದಕ್ಕೆ ಸೇರಿದ ಬಾಗಿದ ನಳಿಕೆಯಲ್ಲಿ ಪಾದರಸ. ಬಿಸಿ ಏರಿದರೆ ಮದ್ಯಸಾರ ಹಿಗ್ಗಿ ಪಾದರಸವನ್ನು ಮೇಲಕ್ಕೆ ತಳ್ಳುತ್ತೆ. ಪಾದರಸದ ಮೇಲಿನ ಕಡ್ಡಿ ಎದ್ದು, ಗಾಳಿ ಆಡೋ ಕಂಡಿ ಮುಚ್ಚಿಕೊಳ್ಳುತ್ತೆ, ಬೆಂಕಿ ತಗ್ಗುತ್ತೆ. ತಣ್ಣಗಾದರೆ ಕಂಡಿ ಮತ್ತೆ ತೆರೆಯುತ್ತೆ. ಪಕ್ಕದಲ್ಲಿ ಯಾರೂ ಕಾಯಬೇಕಿಲ್ಲ. ಇದೇ ಉಪಾಯದಿಂದ ಕೋಳಿಮೊಟ್ಟೆಗೆ ಕಾವು ಕೊಡೋ ಪೆಟ್ಟಿಗೆಯನ್ನೂ ಮಾಡಿದ. ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೇಲಿ ನಾವು ಬರೆಯೋ ನೆಗೆಟಿವ್ ಫೀಡ್‌ಬ್ಯಾಕ್ ಇದೇ.

ಕೊನೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ ಲಂಡನ್ನಿನಲ್ಲಿ ಬಿಯರ್ ಅಂಗಡಿ ನಡೆಸಿ, 1633ರಲ್ಲಿ ತೀರಿಕೊಂಡ. ಒಲೆಯ ಬಗ್ಗೆ ತಾನೇ ಪುಸ್ತಕ ಬರೆದಿಡಲಿಲ್ಲ. ಅಳಿಯಂದಿರು, ಕಂಡವರು ಉಳಿಸಿದ ವಿವರವೇ ನಮಗೆ ಆಧಾರ. ಪ್ರಾಜೆಕ್ಟ್ ರಿಪೋರ್ಟ್ ಬರೆಯೋಕೆ ಬೇಜಾರು ಪಡೋ ನಾವು ಇದನ್ನೂ ನೆನಪಿಟ್ಟುಕೊಳ್ಳೋಣ.

ಮುಂದಿನ ಸಲ ಗ್ರಿಲ್ ಹಚ್ಚಿದಾಗ ಮುಚ್ಚಳ ಹಾಕಿ, ಕೆಳಗಿನ ಕಂಡಿಯನ್ನ ಚೂರೇ ಚೂರು ತಿರುಗಿಸಿ, ಸ್ವಲ್ಪ ಹೊತ್ತು ಕಾಯೋಣ. ಡ್ರೆಬೆಲ್‌ನ ಕಡ್ಡಿ ಮಾಡ್ತಿದ್ದ ಕೆಲಸವನ್ನ ನಮ್ಮ ಕೈ ಮಾಡಲಿ.