ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ (೨೧ ಏಪ್ರಿಲ್ ೧೬೫೧ – ೧೬ ಜನವರಿ ೧೭೧೧) ಗೋವಾದಲ್ಲಿ ಹುಟ್ಟಿ, ಕರ್ನಾಟಕದ ಕರಾವಳಿಯಲ್ಲಿಯೂ ಶ್ರೀಲಂಕಾದಲ್ಲಿಯೂ ಸೇವೆ ಸಲ್ಲಿಸಿದ ಕಥೋಲಿಕ ಗುರು. ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಆರಾಧನೆಗೆ ನಿಷೇಧವಿದ್ದ ಲಂಕೆಯನ್ನು ಮಾರುವೇಷದಲ್ಲಿ ಪ್ರವೇಶಿಸಿ, ಗುರುಗಳಿಲ್ಲದೆ ಚದುರಿಹೋಗಿದ್ದ ಅಲ್ಲಿನ ಸಮುದಾಯವನ್ನು ಮತ್ತೆ ಕಟ್ಟಿದ್ದರಿಂದ ಅವರನ್ನು ಲಂಕೆಯ ಅಪೊಸ್ತಲರೆಂದು ಕರೆಯುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯ ಮುಡಿಪು ಗುಡ್ಡದ ಮೇಲಿರುವ ಪುಣ್ಯಕ್ಷೇತ್ರವು ಅವರ ಹೆಸರಿನಲ್ಲಿದೆ. ಕರ್ನಾಟಕದ ಅನೇಕರಿಗೆ ಅವರ ಪರಿಚಯವಾಗುವುದು ಈ ಯಾತ್ರಾಸ್ಥಳದ ಮೂಲಕ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜೋಸೆಫ್ ವಾಜರು ತಾಯಿಯ ಊರಾದ ಬಾಣಾವಲಿಯಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾವ್ ವಾಜ್ ಸಾಂಕವಾಳದವರು. ತಾಯಿ ಮರಿಯಾ ದೆ ಮಿರಾಂದಾ. ಮನೆಮಾತು ಕೊಂಕಣಿ. ಸಾಂಕವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತು, ಮುಂದೆ ಗೋವಾ ನಗರದ ಸಂತ ಪೌಲರ ಕಾಲೇಜಿನಲ್ಲಿ ಹಾಗೂ ಡೊಮಿನಿಕನ್ ಸಂಸ್ಥೆಯವರ ವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ, ದೇವಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ೧೬೭೬ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅನಂತರ ಅವರು ಪಾದರಕ್ಷೆಯನ್ನು ತ್ಯಜಿಸಿ ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಸಾಂಕವಾಳದಲ್ಲಿ ಗುರುಗಳಾಗಬಯಸುವ ಹುಡುಗರಿಗಾಗಿ ಒಂದು ಲ್ಯಾಟಿನ್ ಶಾಲೆಯನ್ನು ನಡೆಸಿದರು. ೧೬೭೭ರಲ್ಲಿ ತಮ್ಮನ್ನು ಮರಿಯ ಮಾತೆಯ ದಾಸನೆಂದು ಒಪ್ಪಿಸಿಕೊಂಡು ಪತ್ರವೊಂದನ್ನು ಬರೆದುಕೊಟ್ಟರು. ಅಂದಿನ ಗೋವಾದಲ್ಲಿ ಗುಲಾಮರ ಕ್ರಯ ವಿಕ್ರಯ ನಿತ್ಯದ ವ್ಯವಹಾರವಾಗಿತ್ತು ಎಂಬುದನ್ನು ನೆನಪಿಟ್ಟು ಓದಿದರೆ ಆ ಪತ್ರದ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕೆನರಾದಲ್ಲಿ ಮೂರು ವರ್ಷ

೧೬೮೧ರಲ್ಲಿ ಗೋವಾದ ಧರ್ಮಾಧಿಕಾರಿಗಳು ವಾಜರನ್ನು ಕೆನರಾದ ಮುಖ್ಯ ಗುರುವನ್ನಾಗಿ ನೇಮಿಸಿ ಕಳುಹಿಸಿದರು. ಆ ಕಾಲದ ಕರಾವಳಿಯನ್ನು ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದಳು. ಪೋರ್ಚುಗೀಸರ ಪ್ರಾಬಲ್ಯ ಕುಗ್ಗಿತ್ತು. ಮಂಗಳೂರಿನಿಂದ ಉತ್ತರಕ್ಕೆ ಕಲ್ಯಾಣಪುರ, ಬಸರೂರು, ಗಂಗೊಳ್ಳಿಗಳವರೆಗೆ ನೆಲೆಸಿದ್ದ ಕ್ರೈಸ್ತ ಕುಟುಂಬಗಳಿಗೆ ಗುರುಗಳು ಸಾಲುತ್ತಿರಲಿಲ್ಲ.

ಗುರುಗಳ ಕೊರತೆಗಿಂತ ದೊಡ್ಡ ತೊಡಕು ಇನ್ನೊಂದಿತ್ತು. ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್‌ನ ದೊರೆಗೆ ಪೋಪರು ಹಿಂದೆ ಕೊಟ್ಟಿದ್ದ ಹಕ್ಕನ್ನು ಪದ್ರುವಾದೊ ಎನ್ನುತ್ತಾರೆ. ೧೬೨೨ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಎಂಬ ಧರ್ಮಪ್ರಚಾರ ಮಂಡಲಿ ಸ್ಥಾಪನೆಯಾದ ಮೇಲೆ ಅದು ತನ್ನದೇ ಅಧಿಕಾರಿಗಳನ್ನು ಕಳುಹಿಸತೊಡಗಿತು. ಹೀಗೆ ಬಂದವರಲ್ಲೊಬ್ಬರು ಬಿಷಪ್ ಥೊಮಸ್ ದೆ ಕಾಸ್ತ್ರೊ. ಅವರೂ ಗೋವಾ ಮೂಲದವರೇ. ಕೆನರಾದ ಜನ ಯಾರ ಮಾತು ಕೇಳಬೇಕು, ಯಾರಿಂದ ಪಡೆದ ಸಂಸ್ಕಾರ ಸಿಂಧುವಾಗುತ್ತದೆ ಎಂದು ತಿಳಿಯದೆ ಎರಡು ಪಕ್ಷಗಳಾಗಿ ಒಡೆದಿದ್ದರು. ಮದುವೆ, ದೀಕ್ಷಾಸ್ನಾನ, ಪಾಪನಿವೇದನೆ ಮುಂತಾದ ಮನೆಮನೆಯ ಸಂಗತಿಗಳನ್ನೂ ಈ ಜಗಳ ಮುಟ್ಟುತ್ತಿದ್ದುದರಿಂದ ಇದನ್ನು ಅಧಿಕಾರಿಗಳ ನಡುವಿನ ಮನಸ್ತಾಪವೆಂದು ಬಿಡುವಂತಿರಲಿಲ್ಲ.

ವಾಜರು ಒಂದು ಪಕ್ಷದಿಂದ ನೇಮಕಗೊಂಡು ಬಂದವರು. ಹಾಗಿದ್ದರೂ ಅವರು ಎದುರು ಪಕ್ಷದ ಬಿಷಪರನ್ನು ಗೌರವದಿಂದ ಕಂಡು ಮಾತುಕತೆ ನಡೆಸಿದರು. ಜನರ ಆತ್ಮಸಾಕ್ಷಿಗೆ ತೊಂದರೆಯಾಗದಂತೆ ಮಧ್ಯದ ದಾರಿಯನ್ನು ಹುಡುಕಿದರು. ವಿವಾದ ಸಂಪೂರ್ಣವಾಗಿ ಬಗೆಹರಿಯಲಿಲ್ಲ. ಆದರೆ ಈ ಅವಧಿಯಲ್ಲಿ ಅವರು ಊರೂರು ಸುತ್ತಿ ಇಗರ್ಜಿಗಳನ್ನು ದುರಸ್ತಿ ಮಾಡಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು, ರೋಗಿಗಳ ಬಳಿ ಹೋದರು. ೧೬೮೪ರಲ್ಲಿ ತಮ್ಮನ್ನು ಬಿಡುಗಡೆ ಮಾಡಬೇಕೆಂದು ಕೋರಿ ಗೋವಾಕ್ಕೆ ಮರಳಿದರು. ಲಂಕೆಯ ಸಾಹಸದ ಬೆಳಕಿನಲ್ಲಿ ಈ ಮೂರು ವರ್ಷಗಳನ್ನು ಚರಿತ್ರಕಾರರು ಬೇಗನೆ ದಾಟಿಹೋಗುವುದುಂಟು. ಅದು ಸರಿಯಲ್ಲ. ಎಲ್ಲ ಪಕ್ಷಗಳಿಗೂ ಬೇಕಾದವರಾಗಿ, ಯಾವ ಪಕ್ಷಕ್ಕೂ ಸೇರದೆ ನಡೆದುಕೊಳ್ಳುವುದನ್ನು ಅವರು ಅಭ್ಯಾಸ ಮಾಡಿದ್ದು ಇಲ್ಲಿಯೇ.

ಗೋವಾದ ಒರಟೋರಿಯೊ

ಗೋವಾಕ್ಕೆ ಮರಳಿದ ವಾಜರು ೧೬೮೫ರಲ್ಲಿ, ಸಮುದಾಯವಾಗಿ ಬಾಳಲು ಆಗಷ್ಟೇ ಒಂದುಗೂಡಿದ್ದ ಸ್ಥಳೀಯ ಗುರುಗಳ ಗುಂಪೊಂದನ್ನು ಸೇರಿ ಅದರ ಮುಖ್ಯಸ್ಥರಾದರು. ಸಂತ ಫಿಲಿಪ್ ನೇರಿಯವರ ಒರಟೋರಿಯೊ ಮಾದರಿಯಲ್ಲಿ ಅದಕ್ಕೆ ನಿಯಮಗಳನ್ನು ರೂಪಿಸಲಾಯಿತು. ಯೂರೋಪಿನ ಧಾರ್ಮಿಕ ಸಂಸ್ಥೆಗಳು ಭಾರತೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಭಾರತೀಯ ಗುರುಗಳೇ ಸೇರಿ ನಡೆಸಿದ ಈ ಸಂಸ್ಥೆಗೆ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಲಂಕೆಗೆ ಅನಂತರ ಹೋದ ಗುರುಗಳು ಇಲ್ಲಿಂದಲೇ ಹೊರಟವರು.

ಲಂಕೆಗೆ ಪಯಣ

ಡಚ್ಚರು ಪೋರ್ಚುಗೀಸರಿಂದ ೧೬೫೬ರಲ್ಲಿ ಕೊಲಂಬೊವನ್ನೂ ೧೬೫೮ರಲ್ಲಿ ಜಾಫ್ನಾವನ್ನೂ ವಶಪಡಿಸಿಕೊಂಡ ಮೇಲೆ ಕಥೋಲಿಕ ಗುರುಗಳನ್ನು ಹೊರಹಾಕಿ ಆರಾಧನೆಯನ್ನು ನಿಷೇಧಿಸಿದ್ದರು. ಗುರುಗಳಿಗೆ ಆಶ್ರಯ ನೀಡುವುದೂ ಅಪರಾಧವಾಗಿತ್ತು. ಅಲ್ಲಿನ ಜನ ದಶಕಗಳಿಂದ ಬಲಿಪೂಜೆಯಿಲ್ಲದೆ ಇದ್ದಾರೆಂಬ ಸುದ್ದಿ ವಾಜರನ್ನು ಕಾಡುತ್ತಿತ್ತು. ೧೬೮೬ರಲ್ಲಿ ಅವರು ಮುಖ್ಯಸ್ಥನ ಸ್ಥಾನವನ್ನು ಬಿಟ್ಟು ಗೋವಾದಿಂದ ಹೊರಟರು. ಮತ್ತೊಮ್ಮೆ ಕೆನರಾವನ್ನು ಹಾದು, ಮಲಬಾರಿನ ಮೂಲಕ ತೂತುಕುಡಿಯನ್ನು ತಲುಪಿ, ಅಲ್ಲಿಂದ ಕೂಲಿಯಾಳಿನ ವೇಷದಲ್ಲಿ ದೋಣಿ ಏರಿದರು. ಜೊತೆಗೆ ಜಾನ್ ಎಂಬ ನಿಷ್ಠಾವಂತ ಸೇವಕನೊಬ್ಬನಿದ್ದ.

೧೬೮೭ರಲ್ಲಿ ಜಾಫ್ನಾ ತಲುಪುವ ಹೊತ್ತಿಗೆ ವಾಜರು ಆಮಶಂಕೆಯಿಂದ ನಿತ್ರಾಣರಾಗಿದ್ದರು. ಗಂಜಿ ಕೊಟ್ಟು ಅವರ ಜೀವ ಉಳಿಸಿದವಳು ಅಲ್ಲಿನ ಒಬ್ಬ ಹೆಂಗಸು ಎಂದು ಚರಿತ್ರಕಾರರು ಹೇಳುತ್ತಾರೆ. ಚೇತರಿಸಿಕೊಂಡ ಮೇಲೆ ಅವರ ಮುಂದಿದ್ದ ಪ್ರಶ್ನೆ, ಕಥೋಲಿಕರನ್ನು ಗುರುತಿಸುವುದು ಹೇಗೆ ಎಂಬುದು. ಬಾಯಿಬಿಟ್ಟು ಕೇಳಿದರೆ ಕೇಳಿದವರಿಗೂ ಹೇಳಿದವರಿಗೂ ಅಪಾಯ. ಅವರು ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಮಾಲೆಯನ್ನು ಕಂಡು ಯಾರ ಮುಖ ಅರಳಿತೋ ಆ ಮನೆಯನ್ನು ನೆನಪಿಟ್ಟುಕೊಂಡರು. ಹೀಗೆ ನಂಬಿಕೆ ಗಳಿಸಿ, ಸಿಲ್ಲಾಲೈ ಗ್ರಾಮದಲ್ಲಿ ನೆಲೆಸಿ, ರಾತ್ರಿಯ ವೇಳೆ ಗುಟ್ಟಾಗಿ ಪೂಜೆ ನಡೆಸತೊಡಗಿದರು. ೧೬೮೯ರ ಕ್ರಿಸ್ಮಸ್ ರಾತ್ರಿ ಡಚ್ ಸೈನಿಕರು ಜಾಫ್ನಾದಲ್ಲಿ ದಾಳಿ ಮಾಡಿ ಪೂಜೆಗೆ ಸೇರಿದ್ದವರನ್ನು ಬಂಧಿಸಿದರು. ವಾಜರು ತಪ್ಪಿಸಿಕೊಂಡರು, ಬಂಧಿತರಾದ ಸಾಮಾನ್ಯ ಜನರು ಶಿಕ್ಷೆ ಅನುಭವಿಸಿದರು.

ಮರುವರ್ಷ ಅವರು ಪುತ್ತಳಂಗೆ ಹೋದರು. ೧೬೯೨ರಲ್ಲಿ ಬೌದ್ಧ ದೊರೆ ಇಮ್ಮಡಿ ವಿಮಲಧರ್ಮಸೂರ್ಯನ ರಾಜಧಾನಿಯಾದ ಕ್ಯಾಂಡಿಯನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿರಿಸಲಾಯಿತು. ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿತರು. ಕ್ರಮೇಣ ಕಾವಲು ಸಡಿಲವಾಯಿತು. ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಬಂದಿತೆಂದೂ ಆ ಬಳಿಕ ದೊರೆ ಅವರಿಗೆ ಸಂಚರಿಸುವ ಸ್ವಾತಂತ್ರ್ಯ ಕೊಟ್ಟನೆಂದೂ ಸಂಪ್ರದಾಯ ಹೇಳುತ್ತದೆ. ಮಳೆಯ ಮಾತು ಹೇಗೇ ಇರಲಿ, ಕ್ರೈಸ್ತ ಡಚ್ಚರು ಬೇಟೆಯಾಡುತ್ತಿದ್ದ ಕ್ರೈಸ್ತ ಗುರುವಿಗೆ ಬೌದ್ಧ ದೊರೆಯೊಬ್ಬ ನೆಲೆ ಕೊಟ್ಟಿದ್ದು ಚಾರಿತ್ರಿಕ ಸತ್ಯ.

೧೬೯೭ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಉಳ್ಳವರು ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ತೊರೆಯುತ್ತಿದ್ದರು. ಗೋವಾದಿಂದ ಬಂದು ಸೇರಿದ್ದ ಸೋದರ ಸಂಬಂಧದ ಕಿರಿಯ ಗುರು ಜೋಸೆಫ್ ಕಾರ್ವಾಲ್ಯೊ ಅವರೊಡನೆ ವಾಜರು ರೋಗಿಗಳನ್ನು ಮತಭೇದವಿಲ್ಲದೆ ಆರೈಕೆ ಮಾಡಿದರು, ಅನ್ನ ನೀರು ಕೊಟ್ಟರು, ಸತ್ತವರನ್ನು ಹೂಳಿದರು. ಜೆನ್ನರ್ ಲಸಿಕೆ ಬರಲು ಇನ್ನೂ ಸುಮಾರು ನೂರು ವರ್ಷಗಳಿದ್ದವು.

೧೭೦೫ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಎಂಬ ಗೋವಾದ ಗುರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ವಿಪುಲವಾಗಿ ಗ್ರಂಥಗಳನ್ನು ರಚಿಸಿ ಹೆಸರಾದರು. ಬಿಷಪರ ಸ್ಥಾನಮಾನ ತರುವ ಪದವಿಯನ್ನು ನೀಡಲು ಬಂದಾಗ ವಾಜರು ಒಪ್ಪಲಿಲ್ಲ.

ನಿಧನ ಮತ್ತು ಸಂತ ಪದವಿ

ಬರಿಗಾಲಿನ ನಡಿಗೆ ಮತ್ತು ಪದೇಪದೇ ಕಾಡಿದ ಕಾಯಿಲೆಗಳಿಂದ ಬಳಲಿದ್ದ ವಾಜರು ೧೭೧೧ರ ಜನವರಿ ೧೬ರಂದು ಕ್ಯಾಂಡಿಯಲ್ಲಿ ನಿಧನರಾದರು. ಆಗ ವೀರ ನರೇಂದ್ರಸಿಂಹನು ದೊರೆಯಾಗಿದ್ದನು. ಗೋವಾ ಬಿಟ್ಟ ಮೇಲೆ ಅವರು ಮತ್ತೆ ತವರಿಗೆ ಮರಳಲೇ ಇಲ್ಲ. ಒರಟೋರಿಯೊದ ಸೆಬಾಸ್ತಿಯಾವ್ ದೊ ರೇಗೊ ಬರೆದ ಅವರ ಜೀವನಚರಿತ್ರೆ ೧೭೪೫ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾಯಿತು.

ಸಂತ ಪದವಿಯ ಹಿಂದಿನ ಮೆಟ್ಟಿಲಾದ ಪುನೀತ ಪದವಿಯನ್ನು ೨೧ ಜನವರಿ ೧೯೯೫ರಂದು ಕೊಲಂಬೊದಲ್ಲಿ ಪೋಪ್ ಇಮ್ಮಡಿ ಜಾನ್ ಪಾಲರು ಘೋಷಿಸಿದರು. ೧೪ ಜನವರಿ ೨೦೧೫ರಂದು ಅದೇ ನಗರದ ಗಾಲ್ ಫೇಸ್ ಮೈದಾನದಲ್ಲಿ ಪೋಪ್ ಫ್ರಾನ್ಸಿಸ್ ಅವರು ವಾಜರನ್ನು ಸಂತರೆಂದು ಸಾರಿದರು. ಶ್ರೀಲಂಕಾಕ್ಕೆ ಸಂಬಂಧಿಸಿದಂತೆ ಇವರೇ ಮೊದಲ ಸಂತರು. ಪ್ರತಿ ವರ್ಷ ಜನವರಿ ೧೬ರಂದು ಅವರ ಹಬ್ಬವನ್ನು ಆಚರಿಸಲಾಗುತ್ತದೆ.

ಮುಡಿಪು ಮತ್ತಿತರ ಯಾತ್ರಾಸ್ಥಳಗಳು

ಸಂತರ ಯಾತ್ರಾಸ್ಥಳವೆಂದರೆ ಸಾಮಾನ್ಯವಾಗಿ ಅವರ ಸಮಾಧಿ ಇರುವ ಸ್ಥಳ. ಹಳೆ ಗೋವಾದಲ್ಲಿರುವ ಸಂತ ಫ್ರಾನ್ಸಿಸ್ ಜೇವಿಯರರ ದೇಹದ ದರ್ಶನಕ್ಕೆ ಜನ ಹೋಗುವುದು ಎಲ್ಲರಿಗೂ ತಿಳಿದಿದೆ. ವಾಜರ ವಿಷಯದಲ್ಲಿ ಇದು ಸಾಧ್ಯವಿಲ್ಲ. ಅವರನ್ನು ಹೂಳಿದ ಕ್ಯಾಂಡಿಯ ಇಗರ್ಜಿ ಉಳಿಯಲಿಲ್ಲ, ಅವಶೇಷಗಳು ದೊರೆತಿಲ್ಲ. ಆದ್ದರಿಂದ ಭಕ್ತರು ಅವರು ಬಾಳಿದ, ನಡೆದ ನೆಲಕ್ಕೆ ಹೋಗುತ್ತಾರೆ. ಗೋವಾದ ಸಾಂಕವಾಳ ಮತ್ತು ಕರ್ನಾಟಕದ ಮುಡಿಪು ಅವುಗಳಲ್ಲಿ ಮುಖ್ಯವಾದವು.

ಮುಡಿಪು ಮಂಗಳೂರಿನ ಆಗ್ನೇಯಕ್ಕಿದೆ. ತೊಕ್ಕೊಟ್ಟಿನಲ್ಲಿ ಹೆದ್ದಾರಿಯನ್ನು ಬಿಟ್ಟು ದೇರಳಕಟ್ಟೆ, ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆ ದಾಟಿ ಮುಂದೆ ಹೋದರೆ ಮುಡಿಪು ಸಿಗುತ್ತದೆ. ಇಂದು ಈ ಪ್ರದೇಶದಲ್ಲಿ ಇನ್ಫೋಸಿಸ್ ಕಂಪನಿಯ ವಿಶಾಲವಾದ ಆವರಣವೂ ಇದೆ. ವಾಜರ ಕಾಲದಲ್ಲಿ ಇದು ಕಾಡುಗುಡ್ಡ.

ಸ್ಥಳದ ಐತಿಹ್ಯ ಹೀಗಿದೆ. ವಾಜರ ಮೇಲೆ ದ್ವೇಷವಿದ್ದ ಕೆಲವರು, ಗುಡ್ಡದ ಮೇಲೆ ರೋಗಿಯೊಬ್ಬನು ಸಾಯುವ ಸ್ಥಿತಿಯಲ್ಲಿದ್ದಾನೆಂದು ನಂಬಿಸಿ ರಾತ್ರಿಯಲ್ಲಿ ಅವರನ್ನು ಕರೆಸಿಕೊಂಡರು. ರೋಗಿ ಕರೆದನೆಂದರೆ ಅವರು ಇಲ್ಲವೆನ್ನುವವರಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೊಲ್ಲಲು ಸುತ್ತುವರಿದಾಗ ವಾಜರು ಬಂಡೆಯ ಮೇಲೆ ಮಂಡಿಯೂರಿ ಪ್ರಾರ್ಥಿಸಿದರು. ಅಲ್ಲಿ ಬೆಳಕು ಮೂಡಿ, ನೀರಿನ ಒರತೆಗಳು ಚಿಮ್ಮಿದವು. ಬಂದವರು ಬೆದರಿ ಓಡಿದರು. ಕಥೆಯ ವಿವರಗಳು ಹೇಳುವವರಿಂದ ಹೇಳುವವರಿಗೆ ಸ್ವಲ್ಪ ಬದಲಾಗುತ್ತವೆ. ಇದು ಬಾಯಿಂದ ಬಾಯಿಗೆ ಬಂದ ಐತಿಹ್ಯವೆಂಬುದನ್ನೂ, ಕೆನರಾದಲ್ಲಿ ಅವರು ಸೇವೆ ಸಲ್ಲಿಸಿದ್ದು ದಾಖಲೆಗಳಿರುವ ಸಂಗತಿಯೆಂಬುದನ್ನೂ ವಿದ್ಯಾರ್ಥಿಗಳು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಆದರೂ ಕಥೆಯ ತಿರುಳಿನಲ್ಲಿ ಅವರ ನಿಜ ಸ್ವಭಾವವೇ ಇದೆ. ಕ್ಯಾಂಡಿಯ ಸಿಡುಬಿನ ಕಾಲದಲ್ಲಿ ಅವರು ನಡೆದುಕೊಂಡದ್ದು ಹೀಗೆಯೇ.

ಗುಡ್ಡಕ್ಕೆ ಬರುವ ಯಾತ್ರಿಕರು ಮಂಡಿಯ ಗುರುತೆಂದು ನಂಬಲಾದ ಬಂಡೆಯ ಕುಳಿಗಳನ್ನು ನೋಡಿ, ಒರತೆಯ ನೀರನ್ನು ತೀರ್ಥದಂತೆ ಮನೆಗೆ ಕೊಂಡೊಯ್ಯುತ್ತಾರೆ. ಸಂತ ಪದವಿ ಘೋಷಣೆಯಾಗುವುದಕ್ಕೆ ಬಹಳ ಮೊದಲಿನಿಂದಲೂ ಇಲ್ಲಿಗೆ ಜನ ಬರುತ್ತಿದ್ದರು.