ಆಂಧ್ರಕೇಸರಿ ಪ್ರಕಾಶಂ ಪಂತುಲು: ಹಮ್ಮಿಣಿಯ ಹಣ ಯಾರದು?

ಭವಾನಿಪುರಂನಿಂದ ಇಂದ್ರಕೀಲಾದ್ರಿಯ ತಪ್ಪಲನ್ನು ಬಳಸಿ ವಿಜಯವಾಡದ ಪೇಟೆಗೆ ಬರುವ ನಮ್ಮವರಿಗೆ ಕೃಷ್ಣಾನದಿಯ ಪ್ರಕಾಶಂ ಬ್ಯಾರೇಜು ನಿತ್ಯವೂ ಕಣ್ಣಿಗೆ ಬೀಳುವಂಥದು. ಆ ಹೆಸರನ್ನು ಹೊತ್ತ ಮಹನೀಯರು ಊಟದ ಮನೆ ನಡೆಸುತ್ತಿದ್ದ ತಾಯಿಯ ಮಗನೆಂಬುದನ್ನೂ, ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳಿಗೂ ಅವರೇ ಪ್ರಧಾನಿಗಳಾಗಿದ್ದರೆಂಬುದನ್ನೂ ಬಲ್ಲವರು ನಮ್ಮಲ್ಲಿ ವಿರಳ.

ಟಂಗುಟೂರಿ ಪ್ರಕಾಶಂ ಪಂತುಲು 1872ನೆಯ ಆಗಸ್ಟ್ 23ರಂದು ಒಂಗೋಲಿನ ಬಳಿಯ ವಿನೋದರಾಯುನಿಪಾಳೆಂ ಗ್ರಾಮದಲ್ಲಿ ಜನಿಸಿದರು. ಹನ್ನೊಂದನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ತಾಯಿ ಸುಬ್ಬಮ್ಮನವರು ಒಂಗೋಲಿನಲ್ಲಿ, ತೆಲುಗರು ಪೂಟಕೂಳ್ಳ ಇಲ್ಲು ಎಂದು ಕರೆಯುವ ಊಟದ ಮನೆಯನ್ನಿಟ್ಟು ಮಕ್ಕಳನ್ನು ಸಾಕಿದರು. ಅನ್ನವನ್ನು ಮಾರಿ ಜೀವಿಸುವ ವೃತ್ತಿಯನ್ನು ಜನ ಹಗುರಾಗಿ ಕಾಣುತ್ತಿದ್ದ ಕಾಲವದು. ಒಲೆಯ ಮುಂದೆ ನಿಂತು ಊರಿಗೆ ಹಣ ಕಳುಹಿಸುವ ನಮ್ಮ ವಾಚಕರಿಗೆ ಆ ತಾಯಿಯ ದುಡಿಮೆಯನ್ನು ನಾವು ಬಣ್ಣಿಸಬೇಕಾದುದಿಲ್ಲ.

ಹನುಮಂತರಾವ್ ನಾಯುಡು ಎಂಬ ಉಪಾಧ್ಯಾಯರು ಬಾಲಕನನ್ನು ರಾಜಮಹೇಂದ್ರಿಗೆ ಕರೆದೊಯ್ದು ಓದಿಸಿದರು. ಮುಂದೆ ಪ್ರಕಾಶಂ ಅಲ್ಲಿಯೇ ವಕೀಲರಾದರು. 1904ರಲ್ಲಿ ಪುರಸಭೆಯ ಅಧ್ಯಕ್ಷರೂ ಆದರು. ಅನಂತರ ಇಂಗ್ಲೆಂಡಿಗೆ ತೆರಳಿ, ಬ್ಯಾರಿಸ್ಟರಾಗಿ 1907ರಲ್ಲಿ ಹಿಂದಿರುಗಿ ಮದರಾಸಿನಲ್ಲಿ ಧಾರಾಳವಾಗಿ ಸಂಪಾದಿಸಿದರು. ಅಷ್ಟೆಲ್ಲವನ್ನೂ 1921ರಲ್ಲಿ ಅಸಹಕಾರ ಚಳವಳಿಗಾಗಿ ತೊರೆದರು. ಇಂಗ್ಲಿಷ್, ತೆಲುಗು, ತಮಿಳು ಮೂರರಲ್ಲಿಯೂ ‘ಸ್ವರಾಜ್ಯ’ ಪತ್ರಿಕೆಯನ್ನು ಹೊರಡಿಸಿ, ಗಳಿಸಿದ್ದನ್ನು ಅದಕ್ಕೆ ಸುರಿದರು. ಪತ್ರಿಕೆಯೆಂಬುದು ಎಷ್ಟು ಹಣ ನುಂಗಬಲ್ಲುದೆಂಬುದನ್ನು ನಾವು ಬಲ್ಲೆವು. 1928ರಲ್ಲಿ ಸೈಮನ್ ಆಯೋಗದ ವಿರುದ್ಧ ಮದರಾಸಿನಲ್ಲಿ ಪ್ರತಿಭಟನೆ ನಡೆದಾಗ ಪೋಲೀಸರ ಬಂದೂಕಿಗೆ ಎದೆಯೊಡ್ಡಿ ನಿಂತರು. ಆಂಧ್ರಕೇಸರಿಯೆಂಬ ಬಿರುದಿಗೆ ತಕ್ಕ ಧೈರ್ಯವದು.

1942ರ ಚಳವಳಿಯಲ್ಲಿ ಬಂಧಿತರಾದ ಅವರು ಸೆರೆಮನೆಯಿಂದ ಹೊರಬಂದುದು 1945ರಲ್ಲಿ. ವೃತ್ತಿ ಹೋಗಿತ್ತು, ಪತ್ರಿಕೆ ಮುಳುಗಿತ್ತು, ವಯಸ್ಸು ಎಪ್ಪತ್ತು ದಾಟಿತ್ತು. ಆಂಧ್ರದ ಊರೂರುಗಳಲ್ಲಿ ಜನರು ಸಭೆ ಸೇರಿಸಿ ಅವರಿಗೆ ಹಮ್ಮಿಣಿಗಳನ್ನರ್ಪಿಸಿದರು. ಆ ಹಣವನ್ನು ಅವರು ಸ್ವಂತಕ್ಕೆ ಬಳಸಿಕೊಂಡರೆಂಬುದೇ ಅವರ ಹೆಸರಿಗೆ ಅಂಟಿದ ಅಪವಾದ. ಗಾಂಧೀಜಿಯವರೇ ಇದನ್ನು ಆಕ್ಷೇಪಿಸಿದರು. ಸಾರ್ವಜನಿಕ ಸೇವಕನಿಗೆ ಬಂದ ಹಮ್ಮಿಣಿ ಸಾರ್ವಜನಿಕರದೇ ಎಂಬುದು ಗಾಂಧೀಜಿಯವರ ನಿಲುವು. ಸರ್ವಸ್ವವನ್ನೂ ಕಳೆದುಕೊಂಡ ತನಗೆ ಜನರು ತಿಳಿದೇ ಪ್ರೀತಿಯಿಂದ ಕೊಟ್ಟುದೆಂಬುದು ಪ್ರಕಾಶಂ ಅವರ ನಿಲುವು.

ಹೋಟೆಲಿನಲ್ಲಿ ದುಡಿಯುವವರಿಗೆ ಈ ವ್ಯಾಜ್ಯ ತಟ್ಟನೆ ತಿಳಿದೀತು. ಗಿರಾಕಿ ತಟ್ಟೆಯ ಬಳಿ ಬಿಟ್ಟುಹೋದ ಚಿಲ್ಲರೆ ಮಾಣಿಯದು. ಬಿಲ್ಲಿನ ಹಣ ಗಲ್ಲಾಪೆಟ್ಟಿಗೆಯದು. ಆದರೆ ಮಾಣಿಯೇ ನಾಳೆ ಗಲ್ಲಾದ ಮೇಲೆ ಕೂರುವವನಾದರೆ? ಪ್ರಾಂತದ ಬೊಕ್ಕಸವನ್ನು ಕಾಯಬೇಕಾದವರಿಗೆ ಗಾಂಧೀಜಿಯವರ ಕಟ್ಟಳೆಯೇ ಸರಿಯೆಂದು ನಮ್ಮ ಮತ. ಲೆಕ್ಕವಿಡದೆ ಹಣ ಮುಟ್ಟಿದುದು ಪಂತುಲು ಅವರ ದೋಷವೇ ಸರಿ. ಆದರೂ ಆ ಹಣದಿಂದ ಅವರು ಮಹಲು ಕಟ್ಟಲಿಲ್ಲ. ಒಂದು ಕೈಯಲ್ಲಿ ಬಂದುದು ಇನ್ನೊಂದು ಕೈಯಲ್ಲಿ ಹೋಯಿತು.

ವರಿಷ್ಠರಿಗೆ ಬೇಕಾಗಿದ್ದವರು ರಾಜಾಜಿ. ಮದರಾಸಿನ ಕಾಂಗ್ರೆಸ್ ಶಾಸಕರು ಒಪ್ಪಲಿಲ್ಲ. 1946ರ ಏಪ್ರಿಲ್ 30ರಂದು ಪ್ರಕಾಶಂ ಪ್ರಾಂತದ ಪ್ರಧಾನಿಗಳಾದರು. ಮುಖ್ಯಮಂತ್ರಿಯನ್ನು ಆಗ ಹಾಗೆ ಕರೆಯುತ್ತಿದ್ದರು. ಫಿರ್ಕಾ ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದರು; ಖಾದಿಗಾಗಿ ಹೊಸ ಬಟ್ಟೆ ಗಿರಣಿಗಳಿಗೆ ತಡೆಯೊಡ್ಡಿದರು. ಗಾಂಧಿಯವರ ಆಕ್ಷೇಪಕ್ಕೆ ಗುರಿಯಾದವರೇ ಗಾಂಧಿಯವರ ಚರಕವನ್ನು ಹಿಡಿದು ಗಿರಣಿ ಮಾಲೀಕರನ್ನು ಎದುರುಹಾಕಿಕೊಂಡದ್ದು ಒಂದು ವಿಚಿತ್ರ. ಯಾರನ್ನೂ ಓಲೈಸಿ ನಡೆಯುವ ಸ್ವಭಾವ ಅವರದಲ್ಲ. ಸ್ವಪಕ್ಷದವರೇ ತಿರುಗಿಬಿದ್ದು, 1947ರ ಮಾರ್ಚಿಯಲ್ಲಿ ಅಧಿಕಾರ ಕೈಬಿಟ್ಟಿತು. ಹನ್ನೊಂದು ತಿಂಗಳೂ ತುಂಬಿರಲಿಲ್ಲ.

ಆಮೇಲೆ ಕಾಂಗ್ರೆಸ್ಸನ್ನು ತ್ಯಜಿಸಿದರು. 1952ರ ಚುನಾವಣೆಯ ತರುವಾಯ ವಿರೋಧಪಕ್ಷಗಳ ಒಕ್ಕೂಟ ಅವರನ್ನು ನಾಯಕರನ್ನಾಗಿಸಿ ಬಹುಮತವನ್ನು ಸಾರಿದರೂ, ರಾಜ್ಯಪಾಲರು ಕರೆದುದು ರಾಜಾಜಿಯವರನ್ನು. 1953ರ ಅಕ್ಟೋಬರ್ 1ರಂದು ಆಂಧ್ರರಾಜ್ಯ ಉದಯಿಸಿದಾಗ, ತಾವಿದ್ದ ಪ್ರಜಾ ಸೋಷಲಿಸ್ಟ್ ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸಿನ ಬೆಂಬಲದಿಂದ ಪ್ರಥಮ ಮುಖ್ಯಮಂತ್ರಿಗಳಾದರು. ಪದವಿಗಾಗಿ ಪಕ್ಷಾಂತರವೆಂಬ ಟೀಕೆಯೂ ಬಂದಿತು. ಅದೇ ದಿನ ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿದರೆ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. ಆ ನೋವನ್ನು ಆ ಕಡೆಯ ನಮ್ಮ ಬಂಧುಗಳು ಮರೆತಿಲ್ಲ.

ಹೊಸ ರಾಜ್ಯಕ್ಕೆ ಕರ್ನೂಲು ರಾಜಧಾನಿ. ತಿರುಪತಿಯಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದುದು 1954ರಲ್ಲಿ. ಆ ವರ್ಷದ ನವೆಂಬರಿನಲ್ಲಿ, ಪಾನನಿರೋಧದ ವಿಷಯವಾಗಿ ಬಂದ ಅವಿಶ್ವಾಸ ನಿರ್ಣಯದಲ್ಲಿ, ಒಂದೇ ಒಂದು ಮತದಿಂದ ಅವರ ಸರ್ಕಾರ ಉರುಳಿತು.

ಮುಪ್ಪಿನಲ್ಲಿ ಕೈ ಬರಿದಾಗಿತ್ತು, ತಿರುಗಾಟ ನಿಲ್ಲಲಿಲ್ಲ. ಒಂಗೋಲಿನ ಕಡೆ ಬೇಸಗೆಯ ಬಿಸಿಲಿನಲ್ಲಿ ಸುತ್ತಾಡಿ ಕಾಯಿಲೆ ಬಿದ್ದು, 1957ರ ಮೇ 20ರಂದು ಹೈದರಾಬಾದಿನಲ್ಲಿ ನಿಧನರಾದರು. ಕೃಷ್ಣೆಯ ಹಳೆಯ ಅಣೆಕಟ್ಟು 1952ರ ಪ್ರವಾಹದಲ್ಲಿ ಹಾಳಾಗಿ, 1954ರಲ್ಲಿ ಆರಂಭವಾಗಿದ್ದ 1,223 ಮೀಟರು ಉದ್ದದ ಹೊಸ ಬ್ಯಾರೇಜಿನ ಕೆಲಸ ಆಗಿನ್ನೂ ನಡೆದಿತ್ತು. ಅದರ ಮೇಲೆ ವಾಹನಗಳು ಓಡಾಡತೊಡಗಿದುದು ಆ ವರ್ಷದ ಡಿಸೆಂಬರ್ 24ರಂದು.